ಇನ್ನೂರು ರೂಪಾಯಿ ಪೆನ್ಸಿಲ್‌ನಲ್ಲಿ ಅಂಥದ್ದೇನಿದೆ?

ಪೆನ್ಸಿಲ್ ಕೊಳ್ಳುವಾಗ ಮೇಲಿನ ಹೆಸರು ನೋಡುವ ಮೊದಲು ಮೊನೆಯ ಬುಡ ನೋಡಿ. ಆರು ಪಟ್ಟಿಯ ಪೆನ್ಸಿಲನ್ನು ಚೂಪು ಮಾಡಿದಾಗ ಮರ ಮುಗಿದು ಒಳಗಿನ ಕಡ್ಡಿ ಶುರುವಾಗುವ ಜಾಗದಲ್ಲಿ ಸುತ್ತಲೂ ಒಂದು ಅಂಚು ಬರುತ್ತದೆ. ಆ ಅಂಚು ಸುತ್ತಲೂ ಒಂದೇ ಎತ್ತರದಲ್ಲಿದ್ದರೆ ಕಡ್ಡಿ ನಟ್ಟನಡುವೆ ಕೂತಿದೆ ಅಂತ ಅರ್ಥ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಕಡ್ಡಿ ಪಕ್ಕಕ್ಕೆ ಸರಿದಿದೆ. ಅದನ್ನು ಮೆಂಡರ್‌ಗೆ ಹಾಕಿ ತಿರುಗಿಸಿದರೆ ಒಂದು ಪಕ್ಕ ಕಡ್ಡಿ ಬರಿಮೈಯಲ್ಲಿ ನಿಲ್ಲುತ್ತದೆ, ಇನ್ನೊಂದು ಪಕ್ಕ ಮರ ಮೊನೆಯವರೆಗೂ ಏರಿರುತ್ತದೆ. ಎರಡು ಗೆರೆ ಎಳೆಯುವಷ್ಟರಲ್ಲಿ ಮುರಿಯುತ್ತದೆ. ಮತ್ತೆ ಮೆಂಡರ್, ಮತ್ತೆ ಮುರಿತ. ಐದು ರೂಪಾಯಿ ಪೆನ್ಸಿಲ್ ಅರ್ಧಕ್ಕರ್ಧ ಕಸದಬುಟ್ಟಿ ಸೇರುವುದು ಹೀಗೆ.

ತುಮಕೂರಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವುದು, ಆರ್ಡರ್ ಬಂದರೆ ಭಾವಚಿತ್ರ ಬರೆದುಕೊಡುವುದು ನನ್ನ ಕಸುಬು. ಕ್ಲಾಸಿಗೆ ಸೇರಿಸಲು ಬರುವ ಅಪ್ಪ ಅಮ್ಮಂದಿರ ಕೈಗೆ ಸಾಮಾನಿನ ಪಟ್ಟಿ ಕೊಟ್ಟರೆ ಸಾಕು, ಒಂದು ಪ್ರಶ್ನೆ ಗ್ಯಾರಂಟಿ. "ಒಂದು ಪೆನ್ಸಿಲ್‌ಗೆ ಇನ್ನೂರು ರೂಪಾಯಿನಾ ಮೇಷ್ಟ್ರೇ? ಅದರಲ್ಲಿ ಅಂಥದ್ದೇನಿದೆ?" ಕೇಳಬೇಕಾದ ಪ್ರಶ್ನೆಯೇ. ನನ್ನ ಲೆಕ್ಕದಲ್ಲಿ ನೂರು, ಇನ್ನೂರು ರೂಪಾಯಿವರೆಗೆ ಏರುವ ಬೆಲೆ ಬರೆಯುವವರ ಕೈಗೆ ಗೊತ್ತಾಗುತ್ತದೆ. ಅದರಾಚೆಗಿನದ್ದು ನೋಡುವವರ ಕಣ್ಣಿಗೆ ಮಾತ್ರ.

ಮೊದಲು ಒಳಗಿನ ಕಡ್ಡಿ. ಬೆಲೆಯ ನ್ಯಾಯವಾದ ಪಾಲು ಇರುವುದು ಅಲ್ಲೇ. ಸೀಸ ಅಂತ ನಾವು ಕರೆಯುವುದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ಒಂದು ಕಾಲಕ್ಕೆ ಅಚ್ಚ ಗ್ರಾಫೈಟ್ ಗಟ್ಟಿಗಟ್ಟಿಯಾಗಿ ಸಿಗುತ್ತಿತ್ತು. ಅದನ್ನೇ ಕಡ್ಡಿಯಾಗಿ ಕೊಯ್ದು ಮರದೊಳಗೆ ಇಡುತ್ತಿದ್ದರು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಬಿದ್ದು ಫ್ರೆಂಚರಿಗೆ ಆ ಸರಕು ನಿಂತುಹೋಯಿತು. ಆಗ ನಿಕೊಲಾ ಜಾಕ್ ಕೊಂತೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿ ಕಲಸಿ, ಕಡ್ಡಿ ಮಾಡಿ, ಸುಟ್ಟು ನೋಡಿದ. 1795ರಲ್ಲಿ ಪೇಟೆಂಟ್ ಪಡೆದ. ಇವತ್ತು ಐದು ರೂಪಾಯಿ ಪೆನ್ಸಿಲ್‌ಗೂ ಐನೂರು ರೂಪಾಯಿ ಪೆನ್ಸಿಲ್‌ಗೂ ಇದೇ ವಿದ್ಯೆ. ಜೇಡಿ ಜಾಸ್ತಿಯಾದರೆ ಗಟ್ಟಿ, ಅದು ಎಚ್ ಸಾಲು. ಗ್ರಾಫೈಟ್ ಜಾಸ್ತಿಯಾದರೆ ಮೆದು, ಕಪ್ಪು, ಅದು ಬಿ ಸಾಲು. ನಡುವಿನ ಎಚ್‌ಬಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 68 ಪಾಲು ಗ್ರಾಫೈಟ್, 26 ಪಾಲು ಜೇಡಿ, ಮಿಕ್ಕಿದ್ದು ಮೇಣ.

ವಿದ್ಯೆ ಒಂದೇ ಆದರೂ ಅರೆಯುವುದು ಒಂದೇ ಅಲ್ಲ. ರಾಗಿಯನ್ನು ತರಿತರಿಯಾಗಿ ಬೀಸಿಸಿಕೊಂಡು ಬಂದರೆ ಮುದ್ದೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗ್ರಾಫೈಟ್, ಜೇಡಿ ಎರಡನ್ನೂ ನೀರು ಸೇರಿಸಿ ಎಷ್ಟು ಹೊತ್ತು, ಎಷ್ಟು ನುಣ್ಣಗೆ ಅರೆಯುತ್ತಾರೆ, ಕಲ್ಲುಕಸ ಎಷ್ಟು ತೆಗೆಯುತ್ತಾರೆ ಅನ್ನುವುದರ ಮೇಲೆ ಕಡ್ಡಿಯ ಗುಣ ನಿಂತಿದೆ. ಆಮೇಲೆ ಅದನ್ನು ಅಚ್ಚಿನಿಂದ ಶಾವಿಗೆ ಥರ ಒತ್ತಿ, ಒಣಗಿಸಿ, ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಸುಟ್ಟು, ಬಿಸಿ ಮೇಣದಲ್ಲಿ ಅದ್ದುತ್ತಾರೆ. ಮೇಣ ಕಡ್ಡಿಯ ಸಣ್ಣ ತೂತುಗಳಿಗೆ ಇಳಿಯುತ್ತದೆ. ಪೆನ್ಸಿಲ್ ಕಾಗದದ ಮೇಲೆ ಜಾರುವಂತೆ ಓಡುವುದು ಅದರಿಂದ.

ಅರೆದದ್ದು ಸಾಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ತುಮಕೂರಿನಲ್ಲಿ ಭಾವಚಿತ್ರ ಬರೆಯುವವರಿಗೆ ಅತಿ ಹೆಚ್ಚು ಆರ್ಡರ್ ಬರುವುದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳದ್ದು. ನೂರು ದಾಟಿದ ಮುಖ. ಕೆನ್ನೆ, ಕಣ್ಣಿನ ಸುತ್ತ ಸುಕ್ಕಿನೊಳಗೊಂದು ಸುಕ್ಕು. ಹಣೆಯ ವಿಭೂತಿಯನ್ನು ಪೆನ್ಸಿಲ್‌ನಲ್ಲಿ ಬರೆಯಲಾಗುವುದಿಲ್ಲ, ಕಾಗದದ ಬಿಳಿಯನ್ನೇ ಬಿಟ್ಟು ಸುತ್ತ ಶೇಡ್ ಮಾಡಬೇಕು. ಕೆನ್ನೆಗೆ ಮೊದಲು 2ಎಚ್‌ನಲ್ಲಿ ತೇಲಿಸಿ ಒಂದು ಪದರ, ಮೇಲೆ ಎಚ್‌ಬಿ, ಆಮೇಲೆ 2ಬಿ, ಸುಕ್ಕಿನ ಆಳಕ್ಕೆ 4ಬಿ. ಅಗ್ಗದ 2ಎಚ್‌ನಲ್ಲಿ ಎಲ್ಲೋ ಒಂದು ಗಟ್ಟಿ ಹರಳು ಸಿಕ್ಕಿಕೊಂಡಿರುತ್ತದೆ. ಕರಕ್ ಅಂತ ಸಣ್ಣ ಸದ್ದು. ಕಾಗದದ ಮೇಲೆ ಕೂದಲೆಳೆಯಷ್ಟು ತಗ್ಗು ಬೀಳುತ್ತದೆ. ಆಗ ಕಣ್ಣಿಗೆ ಕಾಣುವುದಿಲ್ಲ. ಮೇಲೆ 4ಬಿ ಹಾಯಿಸಿದಾಗ ಆ ತಗ್ಗಿಗೆ ಗ್ರಾಫೈಟ್ ಇಳಿಯದೆ ಬೆಳ್ಳಗೆ ಗೀರು ಎದ್ದು ನಿಲ್ಲುತ್ತದೆ. ರಬ್ಬರ್ ಹಾಕಿದರೂ ಹೋಗುವುದಿಲ್ಲ, ಏಕೆಂದರೆ ಗಾಯವಾಗಿರುವುದು ಕಾಗದಕ್ಕೆ. ಮೂರು ದಿನದ ಕೆಲಸ ಹಾಳಾದರೆ ಪೆನ್ಸಿಲ್‌ನಲ್ಲಿ ಉಳಿಸಿದ ದುಡ್ಡು ಎಲ್ಲಿಗೆ ಬಂತು ಹೇಳಿ.

ನಾನು ಪಟ್ಟಿಯಲ್ಲಿ ಬರೆದುಕೊಡುವ ಹೆಸರುಗಳು ಹಳೆಯವೇ. ಜರ್ಮನಿಯ ಫೇಬರ್ ಕ್ಯಾಸಲ್‌ನ ಹಸಿರು 9000, ಇದು 1905ರಿಂದ ಬರುತ್ತಿದೆ. ಸ್ಟೆಡ್ಲರ್‌ನ ನೀಲಿ ಲ್ಯೂಮೊಗ್ರಾಫ್. ಕೈಯಲ್ಲಿ ಸ್ವಲ್ಪ ಜಾಸ್ತಿ ಇದ್ದರೆ ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿಯ ಹೈ ಯೂನಿ. ಕಾರು ಮಾಡುವ ಮಿತ್ಸುಬಿಷಿಗೂ ಇದಕ್ಕೂ ಸಂಬಂಧವಿಲ್ಲ, ಗುರುತು ಮಾತ್ರ ಅದೇ ಮೂರು ವಜ್ರ. ಹೈ ಯೂನಿ 1966ರಲ್ಲಿ ಬಂತು. 10ಎಚ್‌ನಿಂದ 10ಬಿವರೆಗೆ 22 ದರ್ಜೆ ಇದೆ. ದರ್ಜೆ ಜಾಸ್ತಿ ಇದ್ದಷ್ಟೂ ಖರ್ಚು ಜಾಸ್ತಿ. ಪ್ರತಿ ದರ್ಜೆಗೂ ಬೇರೆ ಮಿಶ್ರಣ ಮಾಡಬೇಕು. 9ಎಚ್ ಕೊಳ್ಳುವವರು ಊರಿಗೊಬ್ಬರಿದ್ದರೆ ಹೆಚ್ಚು, ಆದರೂ ಅದನ್ನು ಮಾಡಿಡಬೇಕು. ಒಂದು ಮಾತು ನೆನಪಿರಲಿ. ಒಂದು ಕಂಪನಿಯ 4ಬಿ ಇನ್ನೊಂದು ಕಂಪನಿಯ 4ಬಿಯಷ್ಟೇ ಕಪ್ಪಗಿರುತ್ತದೆ ಅಂತ ಏನೂ ಇಲ್ಲ. ಸೆಟ್ ಬೆರೆಸಿಕೊಂಡು ಒದ್ದಾಡುವ ಮಕ್ಕಳನ್ನು ದಿನಾ ನೋಡುತ್ತೇನೆ.

ಇನ್ನು ಮರ. ಪೆನ್ಸಿಲ್‌ನ ಮರ ಮೆದುವಾಗಿರಬೇಕು, ಆದರೆ ಸಿಬಿರು ಏಳಬಾರದು. ಎಳೆ ನೇರವಾಗಿರಬೇಕು. ಮೊದಲು ಅಮೆರಿಕದ ಪೂರ್ವ ಭಾಗದ ಕೆಂಪು ಸೀಡರ್ ಬಳಸುತ್ತಿದ್ದರು. ಕಡಿದು ಕಡಿದು ಅದು ಸಿಗದಂತಾದಾಗ ಕ್ಯಾಲಿಫೋರ್ನಿಯಾ, ಒರೆಗಾನ್ ಕಡೆಯ ಇನ್ಸೆನ್ಸ್ ಸೀಡರ್‌ಗೆ ಬಂದರು. ಈಗಲೂ ದುಬಾರಿ ಪೆನ್ಸಿಲ್ ಮೂಸಿದರೆ ಬರುವ ವಾಸನೆ ಹೆಚ್ಚಾಗಿ ಅದರದ್ದೇ. ನಮ್ಮ ದೇಶದ ಪೆನ್ಸಿಲ್‌ಗಳಿಗೆ ಮರ ಬರುವುದು ಬಹುಪಾಲು ಕಾಶ್ಮೀರದಿಂದ. ಪುಲ್ವಾಮ ಜಿಲ್ಲೆಯ ಉಖೂ ಎಂಬ ಹಳ್ಳಿಗೆ ಪೆನ್ಸಿಲ್ ಹಳ್ಳಿ ಅಂತಲೇ ಹೆಸರು. ಅಲ್ಲಿ ಪಾಪ್ಲರ್ ಮರವನ್ನು ಪಟ್ಟಿಗಳಾಗಿ ಸೀಳಿ ಕಾರ್ಖಾನೆಗಳಿಗೆ ಕಳಿಸುತ್ತಾರೆ. ಪಾಪ್ಲರ್ ಕೆಟ್ಟ ಮರವಲ್ಲ. ಬೇಗ ಬೆಳೆಯುತ್ತದೆ, ಅಗ್ಗ, ಶಾಲೆ ಮಕ್ಕಳಿಗೆ ಧಾರಾಳವಾಗಿ ಸಾಕು. ಆದರೆ ಬ್ಲೇಡಿನಲ್ಲಿ ಉದ್ದ ಮೊನೆ ಹೆರೆಯಲು ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. ಸೀಡರ್ ಸುರುಳಿಯಾಗಿ ಸಲೀಸಾಗಿ ಬರುತ್ತದೆ. ಪಾಪ್ಲರ್ ಕೆಲವೊಮ್ಮೆ ತುಂಡುತುಂಡಾಗಿ ಹಾರುತ್ತದೆ, ಜೊತೆಗೆ ಕಡ್ಡಿಯನ್ನೂ ಕರೆದುಕೊಂಡು ಹೋಗುತ್ತದೆ.

ಪಟ್ಟಿಯಲ್ಲಿ ಕಾಲುವೆ ತೋಡಿ, ಕಡ್ಡಿ ಇಟ್ಟು, ಮೇಲೊಂದು ಪಟ್ಟಿ ಅಂಟಿಸಿ, ಆಮೇಲೆ ಒಂದೊಂದೇ ಪೆನ್ಸಿಲ್ ಆಗಿ ಕೊಯ್ಯುತ್ತಾರೆ. ಕಡ್ಡಿ ಉದ್ದಕ್ಕೂ ಮರಕ್ಕೆ ಚೆನ್ನಾಗಿ ಅಂಟಿದ್ದರೆ ಪೆನ್ಸಿಲ್ ಕೆಳಗೆ ಬಿದ್ದರೂ ಒಳಗೆ ಮುರಿಯುವುದು ಕಡಿಮೆ. ನಿಮ್ಮ ಮಗುವಿನ ಪೆನ್ಸಿಲ್ ಮೊನೆ ಮಾಡಿದಷ್ಟೂ ಉದುರುತ್ತಿದ್ದರೆ ಬೆಂಚಿನಿಂದ ಬಿದ್ದು ಒಳಗೇ ಚೂರಾಗಿದೆ ಅಂದುಕೊಳ್ಳಿ. ಮಗುವನ್ನು ಬೈಯಬೇಡಿ.

ಮೇಲಿನ ಬಣ್ಣಕ್ಕೆ ಬಂದರೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಹಾರ್ಟ್‌ಮುತ್ ಎಂಬ ಆಸ್ಟ್ರಿಯಾದ ಕಂಪನಿ 1889ರ ಪ್ಯಾರಿಸ್ ಮೇಳದಲ್ಲಿ ಹಳದಿ ಬಣ್ಣದ ಒಂದು ಪೆನ್ಸಿಲ್ ಇಟ್ಟಿತು. ಹೆಸರು ಕೊಹಿನೂರ್. ನಮ್ಮ ಗೋಲ್ಕೊಂಡ ಸೀಮೆಯಿಂದ ಹೋದ ಆ ವಜ್ರದ ಹೆಸರೇ. ಅಲ್ಲಿಯವರೆಗೆ ಒಳ್ಳೆ ಪೆನ್ಸಿಲ್‌ಗೆ ಬಣ್ಣ ಬಳಿಯುತ್ತಿರಲಿಲ್ಲ. ಮರ ಚೆನ್ನಾಗಿಲ್ಲದಿದ್ದರೆ ಮುಚ್ಚಲು ಬಳಿಯುತ್ತಿದ್ದರು. ಇವರು ಪದರದ ಮೇಲೆ ಪದರ ಅರಗಿನ ಬಣ್ಣ ಹಚ್ಚಿ, ಬೇರೆಯವುಗಳಿಗಿಂತ ಎಷ್ಟೋ ಪಟ್ಟು ಬೆಲೆ ಇಟ್ಟರು. ಜನ ಮುಗಿಬಿದ್ದು ಕೊಂಡರು. ಪೆನ್ಸಿಲ್ ಕೂಡ ಶೋಕಿಯ ವಸ್ತುವಾಗಬಹುದು ಅಂತ ವ್ಯಾಪಾರಿಗಳಿಗೆ ಗೊತ್ತಾದದ್ದು ಆಗಲೇ ಅಂತ ನನಗನ್ನಿಸುತ್ತದೆ. ಕೊನೆಗೆ ಎಲ್ಲರೂ ಹಳದಿ ಬಳಿಯಲು ಶುರು ಮಾಡಿ, ಅಮೆರಿಕದಲ್ಲಿ ಈಗ ಅತಿ ಅಗ್ಗದ ಶಾಲಾ ಪೆನ್ಸಿಲ್‌ನ ಬಣ್ಣವೂ ಹಳದಿಯೇ.

ಬ್ಲ್ಯಾಕ್‌ವಿಂಗ್ 602ರ ಕಥೆ ಇನ್ನೂ ಮಜವಾಗಿದೆ. 1930ರ ದಶಕದಲ್ಲಿ ಅಮೆರಿಕದ ಎಬರ್‌ಹಾರ್ಡ್ ಫೇಬರ್ ಕಂಪನಿ ತಂದ ಬೂದು ಬಣ್ಣದ ಪೆನ್ಸಿಲ್ ಇದು. ಅರ್ಧ ಒತ್ತಡ, ದುಪ್ಪಟ್ಟು ವೇಗ ಅಂತ ಮೈಮೇಲೆ ಬರೆದಿರುತ್ತಿತ್ತು. ಹಿಂದೆ ಚಪ್ಪಟೆ ಲೋಹದ ಹಿಡಿ, ಅದರಲ್ಲಿ ತೆಗೆದು ಹಾಕಬಹುದಾದ ರಬ್ಬರ್. ಆ ಹಿಡಿಯೊಳಗಿನ ಸಣ್ಣ ಕ್ಲಿಪ್ ಮಾಡುವ ಯಂತ್ರ ಕೆಟ್ಟಿತು. ರಿಪೇರಿಗೆ ಹಾಕುವ ದುಡ್ಡು ಹುಟ್ಟುವುದಿಲ್ಲ ಅಂತ 1998ರಲ್ಲಿ ಪೆನ್ಸಿಲನ್ನೇ ನಿಲ್ಲಿಸಿದರು. ನಿಂತ ಮೇಲೆ ಶುರುವಾಯಿತು ನೋಡಿ ಬೇಡಿಕೆ. ಹಳೆ ಸ್ಟಾಕಿನ ಒಂದೊಂದು ಪೆನ್ಸಿಲ್ ಹರಾಜಿನಲ್ಲಿ 30, 40 ಡಾಲರ್‌ಗೆ ಹೋಯಿತು. 2010ರಲ್ಲಿ ಬೇರೆ ಕಂಪನಿ ಬ್ಲ್ಯಾಕ್‌ವಿಂಗ್ ಹೆಸರಲ್ಲಿ ಮತ್ತೆ ಪೆನ್ಸಿಲ್ ತಂದಿದೆ. ಮರ ಕ್ಯಾಲಿಫೋರ್ನಿಯಾದ್ದು, ತಯಾರಿ ಜಪಾನಿನಲ್ಲಿ. ಬರೆಯಲು ಸೊಗಸಾಗಿದೆ, ಸುಳ್ಳು ಹೇಳಬಾರದು. ಆದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಚಪ್ಪಟೆ ಹಿಡಿಗೆ, ಅದರ ಕಥೆಗೆ.

ಇದಕ್ಕೂ ಮೇಲಿನದ್ದು ಗ್ರಾಫ್ ಫಾನ್ ಫೇಬರ್ ಕ್ಯಾಸಲ್ ಹೆಸರಿನಲ್ಲಿ ಬರುವ ಪರ್ಫೆಕ್ಟ್ ಪೆನ್ಸಿಲ್. ಬೆಲೆ ಹತ್ತು ಸಾವಿರ ದಾಟುತ್ತದೆ. ಲೋಹದ ಟೋಪಿಯೊಳಗೆ ಮೆಂಡರ್, ಟೋಪಿ ಮೊನೆಗೂ ರಕ್ಷಣೆ, ಗಿಡ್ಡವಾದಾಗ ಹಿಡಿಕೆಯೂ ಆಗುತ್ತದೆ. ಯೋಚನೆ ಬಹಳ ಜಾಣತನದ್ದು, ಒಪ್ಪುತ್ತೇನೆ. ಕಂಪನಿ ಶುರುವಾಗಿದ್ದು 1761ರಲ್ಲಿ. 240 ವರ್ಷ ತುಂಬಿದ್ದಕ್ಕೆ ಅಷ್ಟೇ ವಯಸ್ಸಿನ ಆಲಿವ್ ಮರ, 18 ಕ್ಯಾರೆಟ್ ಬಿಳಿ ಚಿನ್ನ, ಮೂರು ವಜ್ರ ಹಾಕಿ 99 ಪೆನ್ಸಿಲ್ ಮಾಡಿದ್ದರು. ಅದು ಒಡವೆ ಸ್ವಾಮಿ, ಬೀರುವಿನಲ್ಲಿಡುವಂಥದ್ದು. ಅದರಲ್ಲಿ ಯಾರು ಶೇಡಿಂಗ್ ಮಾಡುತ್ತಾರೆ?

ಬಣ್ಣದ ಪೆನ್ಸಿಲ್ ವಿಷಯದಲ್ಲಿ ಮಾತ್ರ ನಾನು ದುಡ್ಡು ಉಳಿಸಿ ಅನ್ನುವುದಿಲ್ಲ. ಹಿಂದೊಮ್ಮೆ ದಿನಸಿ ಅಂಗಡಿಯವರೊಬ್ಬರು ಫ್ರೇಮ್ ಹಾಕಿಸಿದ ಸ್ವಾಮಿಗಳ ಚಿತ್ರ ಹಿಡಿದುಕೊಂಡು ಬಂದರು. ಬೇರೆ ಯಾರೋ ಬರೆದದ್ದು. "ಮೇಷ್ಟ್ರೇ, ಬುದ್ಧಿಯವರ ಕಾವಿ ಎಲ್ಲಾ ಹಾರೋಗಿದೆ, ಸ್ವಲ್ಪ ಸರಿ ಮಾಡ್ಕೊಡಿ" ಅಂದರು. ನಿಜಕ್ಕೂ ಹಾರಿತ್ತು. ಫ್ರೇಮಿನ ಅಂಚು ಮುಚ್ಚಿದ್ದ ಕಡೆ ಒಂದು ಬೆರಳಗಲ ಕಾವಿ ಹಾಗೇ ಕೆಂಪಗಿತ್ತು. ಬಿಸಿಲು ಬಿದ್ದ ಕಡೆಯೆಲ್ಲ ಒಣಗಿದ ಕಿತ್ತಳೆ ಸಿಪ್ಪೆಯ ಬಣ್ಣ. ಅಗ್ಗದ ಸೆಟ್‌ನಲ್ಲಿ ಬಿಸಿಲಿಗೆ ತಡೆಯದ ಬಣ್ಣ ಹಾಕಿರುತ್ತಾರೆ, ಕಾರಣ ಅಷ್ಟೇ. ಗುಲಾಬಿ, ನೇರಳೆ ಎಲ್ಲಕ್ಕಿಂತ ಮೊದಲು ಹೋಗುತ್ತವೆ. ಬಣ್ಣದ ಕಡ್ಡಿಯನ್ನು ಗ್ರಾಫೈಟ್ ಥರ ಸುಡುವುದಿಲ್ಲ, ಸುಟ್ಟರೆ ಬಣ್ಣ ಉಳಿಯುವುದಿಲ್ಲ. ಬಣ್ಣದ ಪುಡಿಯನ್ನು ಮೇಣ ಇಲ್ಲವೇ ಎಣ್ಣೆ, ಅಂಟಿನಲ್ಲಿ ಕಟ್ಟಿರುತ್ತಾರೆ. ಹಾಗಾಗಿ ಬೆಲೆಯೆಲ್ಲ ಆ ಪುಡಿಯದ್ದೇ. ಬಾಳುವ ಪುಡಿ ದುಬಾರಿ, ಮತ್ತು ದುಬಾರಿ ಪೆನ್ಸಿಲ್‌ನಲ್ಲಿ ಅದನ್ನು ಕೈಬಿಚ್ಚಿ ಹಾಕಿರುತ್ತಾರೆ.

ಫೇಬರ್ ಕ್ಯಾಸಲ್‌ನ ಪಾಲಿಕ್ರೋಮೋಸ್ ಪೆನ್ಸಿಲ್ ಮೈಮೇಲೆ ಸಣ್ಣ ನಕ್ಷತ್ರಗಳಿರುತ್ತವೆ. ಮೂರಿದ್ದರೆ ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ, ಒಂದೇ ಇದ್ದರೆ ಹುಷಾರು. ಒಂದೇ ಸೆಟ್‌ನೊಳಗೂ ಈ ವ್ಯತ್ಯಾಸ ಇರುತ್ತದೆ. ಸ್ವಿಟ್ಜರ್‌ಲೆಂಡಿನ ಕರಾನ್ ದಾಶ್ ಕಂಪನಿಯ ಲ್ಯೂಮಿನನ್ಸ್ ಇದಕ್ಕಿಂತ ದುಬಾರಿ. ಬೆಳಕಿಗೆ ಬಣ್ಣ ತಡೆಯುತ್ತದೆಯೇ ಅಂತ ನೋಡುವ ಅಮೆರಿಕದ ಎಎಸ್‌ಟಿಎಂ ಡಿ 6901 ಪರೀಕ್ಷೆಯನ್ನು ಗಮನದಲ್ಲಿಟ್ಟೇ ಅದನ್ನು ಮಾಡಿದ್ದಾರೆ. ಮಗು ಸ್ಕೂಲ್ ಪುಸ್ತಕದಲ್ಲಿ ಹೂವಿಗೆ ಬಣ್ಣ ತುಂಬಲು ಇವು ಯಾವುದೂ ಬೇಡ. ದುಡ್ಡು ಇಸ್ಕೊಂಡು ಬರೆದು, ಇನ್ನೊಬ್ಬರ ಗೋಡೆಗೆ ಹೋಗುವ ಚಿತ್ರಕ್ಕೆ ಬೇಕು.

ನಮ್ಮೂರಿನಲ್ಲಿ ಬಿಡಿಯಾಗಿ ಕೊಳ್ಳುವಾಗ ಬೆಲೆ ಇನ್ನೂ ಏರುತ್ತದೆ. ಹೊರದೇಶದಿಂದ ಬರುವ ಸುಂಕ, ಸಾಗಣೆ, ನಡುವಿನವರ ಲಾಭ ಎಲ್ಲ ಒಂದು ಪೆನ್ಸಿಲ್ ತಲೆಯ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್ ಮೇಲಿದ್ದ ನೂರಕ್ಕೆ 12ರ ಜಿಎಸ್‌ಟಿ ತೆಗೆದಿದ್ದಾರೆ, ಅದೊಂದು ಸಮಾಧಾನ. ಬೆಂಗಳೂರಿಗೆ ಹೋಗುವವರಿದ್ದರೆ ಡಜನ್ ಲೆಕ್ಕದಲ್ಲಿ ತರಿಸಿ, ಇಬ್ಬರು ಮೂವರು ಹಂಚಿಕೊಳ್ಳಿ.

ಹೊಸದಾಗಿ ಸೇರುವವರಿಗೆ ನಾನು ಬರೆದುಕೊಡುವುದು ಇಷ್ಟೇ. ದಿನದ ಅಭ್ಯಾಸಕ್ಕೆ ನಮ್ಮ ದೇಶದ್ದೇ ಡ್ರಾಯಿಂಗ್ ಪೆನ್ಸಿಲ್ ಸೆಟ್. ಕೈ ಪಳಗಿದ ಮೇಲೆ ಒಳ್ಳೆ ಕಂಪನಿಯ 2ಎಚ್, ಎಚ್‌ಬಿ, 2ಬಿ, 4ಬಿ, ನಾಲ್ಕೂ ಒಂದೇ ಕಂಪನಿಯದ್ದು. ಕತ್ತಲೆಯಷ್ಟು ಕಪ್ಪು ಬೇಕಾದರೆ ಲ್ಯೂಮೊಗ್ರಾಫ್ ಬ್ಲ್ಯಾಕ್ ಒಂದು ಇರಲಿ. ಅದರಲ್ಲಿ ಇಂಗಾಲ ಜಾಸ್ತಿ, ಗ್ರಾಫೈಟ್ ಥರ ಪಳಪಳ ಹೊಳೆಯುವುದಿಲ್ಲ. ಜೊತೆಗೊಂದು ಒಳ್ಳೆ ಮೆಂಡರ್. ಜರ್ಮನಿಯ ಎರ್ಲಾಂಗೆನ್ ಊರಿನ ಕುಮ್ ಕಂಪನಿಯದ್ದೋ, ಎಂ ಪ್ಲಸ್ ಆರ್‌ನ ಹಿತ್ತಾಳೆಯದ್ದೋ ಸಿಕ್ಕರೆ ಬಿಡಬೇಡಿ, ಬ್ಲೇಡ್ ಮೊಂಡಾದಾಗ ಬದಲಾಯಿಸಬಹುದು. ಇನ್ನೂರು ರೂಪಾಯಿ ಪೆನ್ಸಿಲ್ ತಂದು ಐದು ರೂಪಾಯಿಯ ಮೊಂಡು ಮೆಂಡರ್‌ಗೆ ಹಾಕಿ ತಿರುಗಿಸಿ, "ಇದೂ ಮುರೀತದೆ ಮೇಷ್ಟ್ರೇ" ಅಂತ ನನ್ನ ಮುಂದೆ ಬಂದು ನಿಲ್ಲಬೇಡಿ.