ಹಳೆಯ ಉಕ್ಕಿನ ಸೇತುವೆ ಇನ್ನೆಷ್ಟು ವರ್ಷ ಬಾಳುತ್ತದೆ?

ಸೇತುವೆಗೆ ನೂರು ವರ್ಷ ಆಯಿತು ಅಂದ ಕೂಡಲೇ ಜನರಿಗೆ ಭಯ ಶುರುವಾಗುತ್ತದೆ. ಆದರೆ ಬರೀ ವಯಸ್ಸು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಭಾರ, ಎಷ್ಟು ಸಲ, ಯಾವ ಜೋಡಣೆಯ ಮೇಲೆ ಬಿತ್ತು ಅನ್ನುವುದೇ ಮುಖ್ಯ.

ಇದರ ದೊಡ್ಡ ಸುಳಿವು ಸಿಕ್ಕಿದ್ದು ಸೇತುವೆಯಲ್ಲಿ ಅಲ್ಲ, ರೈಲಿನ ಗಾಲಿಗಳನ್ನು ಜೋಡಿಸುವ ಅಚ್ಚಿನಲ್ಲಿ. 1860ರ ಹೊತ್ತಿಗೆ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಮತ್ತೆ ಮತ್ತೆ ಬಗ್ಗಿಸಿ ಪರೀಕ್ಷೆ ಮಾಡಿದರು. ಒಂದು ಸಲ ಆರಾಮಾಗಿ ತಡೆಯುವ ಭಾರವನ್ನೇ ಲಕ್ಷಗಟ್ಟಲೆ ಸಲ ಹೊರಿಸಿದರೆ ಲೋಹ ಮುರಿದುಹೋಗುತ್ತದೆ ಅಂತ ತೋರಿಸಿದರು. ಎಂಜಿನಿಯರುಗಳು ಫೆಟೀಗ್ ಅನ್ನುವುದು ಇದಕ್ಕೇ.

ಅಷ್ಟು ಗೊತ್ತಿದ್ದರೂ ಅಮೆರಿಕದಲ್ಲಿ ರಾಷ್ಟ್ರಮಟ್ಟದ ತಪಾಸಣೆಯ ನಿಯಮ ಬರಲು ಸಿಲ್ವರ್ ಬ್ರಿಡ್ಜ್ ಬೀಳಬೇಕಾಯಿತು. ಓಹಿಯೋ ನದಿಯ ಮೇಲೆ 1928ರಲ್ಲಿ ಕಟ್ಟಿದ್ದ ಆ ತೂಗುಸೇತುವೆ, 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ಸಾಲುಗಟ್ಟಿ ನಿಂತಿದ್ದಾಗ ಕುಸಿದು 46 ಜನ ಸತ್ತರು. ಕಾರಣ, ಸೇತುವೆಯನ್ನು ಹೊತ್ತ ಸರಪಳಿಯ ಒಂದು ಉಕ್ಕಿನ ಪಟ್ಟಿಯ ತುದಿಯ ಕಣ್ಣಿನಲ್ಲಿ, ಅಂದರೆ ಪಿನ್ ಕೂರುವ ತೂತಿನಲ್ಲಿ, ಸುಮಾರು 2.5 ಮಿ.ಮೀ. ಆಳದ ಬಿರುಕು. ಅದು ಜೋಡಣೆಯ ಒಳಗಡೆ ಅಡಗಿತ್ತು, ಬಿಚ್ಚದೆ ನೋಡುವ ದಾರಿಯೇ ಇರಲಿಲ್ಲ. ಸರಪಳಿಯ ಒಂದೊಂದು ಕೊಂಡಿಗೂ ಇದ್ದದ್ದು ಎರಡೇ ಪಟ್ಟಿ. ಒಂದು ತುಂಡಾದರೆ ಇನ್ನೊಂದು ಹೇಗೆ ತಡೆದೀತು? ಒಂದು ಭಾಗ ಹೋದರೆ ಇಡೀ ಸೇತುವೆ ಹೋಗುತ್ತದಾ ಅನ್ನುವ ಪ್ರಶ್ನೆ ಆಮೇಲೆ ತಪಾಸಣೆಯ ಕೇಂದ್ರಕ್ಕೆ ಬಂತು. 1971ರಲ್ಲಿ ರಾಷ್ಟ್ರೀಯ ತಪಾಸಣಾ ಮಾನದಂಡ ಬಂತು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನೋಡಬೇಕು ಅಂತಾಯಿತು.

ಈಗ ಉಳಿದ ಆಯಸ್ಸು ಲೆಕ್ಕ ಹಾಕುವುದು ಹೀಗೆ: ಉಕ್ಕು ಎಷ್ಟು ಹಿಗ್ಗಿ ಕುಗ್ಗುತ್ತದೆ ಅಂತ ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ, ಗಾಡಿಗಳು ಓಡಾಡುವಾಗ ಉಕ್ಕಿನಲ್ಲಿ ಒತ್ತಡ ಎಷ್ಟು ಏರಿಳಿಯುತ್ತದೆ ಅಂತ ಅಳೆಯುತ್ತಾರೆ, ಆ ಏರಿಳಿತಗಳನ್ನು ಎಣಿಸುತ್ತಾರೆ, ಆಯಾ ಜೋಡಣೆ ಅಂಥದ್ದನ್ನು ಎಷ್ಟು ಸಲ ತಡೆಯಬಲ್ಲದು ಅನ್ನುವುದರ ಜೊತೆ ಹೋಲಿಸುತ್ತಾರೆ. ಏರಿಳಿತ ಎರಡು ಪಟ್ಟಾದರೆ ಆಯಸ್ಸು ಹೆಚ್ಚು ಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಓವರ್‌ಲೋಡ್ ಲಾರಿಗಳ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ. ಎಷ್ಟೋ ಸಲ ಅಳತೆ ಒಳ್ಳೇ ಸುದ್ದಿಯನ್ನೂ ಕೊಡುತ್ತದೆ, ಯಾಕೆಂದರೆ ಕಾಗದದ ಲೆಕ್ಕದಲ್ಲಿ ಬಾರದ ಭಾಗಗಳೂ ಒಂದಿಷ್ಟು ಭಾರ ಹಂಚಿಕೊಂಡಿರುತ್ತವೆ. ಆದರೆ ಸೇತುವೆಯ ತುದಿ ಸ್ವಲ್ಪ ಅತ್ತಿತ್ತ ಸರಿಯಲು ಬಿಡುವ ಬೇರಿಂಗ್ ತುಕ್ಕು ಹಿಡಿದು ಜಾಮ್ ಆಗಿದ್ದರೆ ಕಥೆ ಉಲ್ಟಾ.

"ಇನ್ನು 20 ವರ್ಷ" ಅಂತ ವರದಿ ಬಂದರೆ ಅದು ಯಾವ ಜೋಡಣೆಗೆ, ಎಷ್ಟು ಟ್ರಾಫಿಕ್ ಅಂದುಕೊಂಡು ಹಾಕಿದ ಲೆಕ್ಕ ಅಂತ ಕೇಳಲೇಬೇಕು, ಅಲ್ವಾ?

ಫೆಟೀಗ್ ಒಂದನ್ನೇ ಹುಡುಕುತ್ತಾ ಕೂತರೂ ಅಪಾಯವೇ. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಐ-35ಡಬ್ಲ್ಯೂ ಹೆದ್ದಾರಿಯ ಸೇತುವೆ ಬಿದ್ದು 13 ಜನ ಸತ್ತರು. ಆಗ ಅದಕ್ಕೆ ಬರೀ 40 ವರ್ಷ. ವರ್ಷಗಟ್ಟಲೆ ತಪಾಸಣೆ ನಡೆದಿತ್ತು, ಬಿರುಕು, ತುಕ್ಕು ಎಲ್ಲ ಬರೆದಿಟ್ಟಿದ್ದರು. ಆದರೆ ತೊಲೆಗಳನ್ನು ಕೂಡಿಸುವ ಕೆಲವು ಗಸೆಟ್ ಪ್ಲೇಟುಗಳು ಡಿಸೈನ್‌ನಲ್ಲೇ ಬೇಕಾದ್ದರ ಅರ್ಧದಷ್ಟೇ ದಪ್ಪ ಇದ್ದವು. 2003ರ ಫೋಟೋಗಳಲ್ಲೇ ಪ್ಲೇಟ್ ಬಾಗಿರುವುದು ಕಾಣುತ್ತದೆ. ಆ ದಿನ ರಿಪೇರಿಗೆಂದು ಜಲ್ಲಿ, ಮರಳು ಮೇಲೆ ರಾಶಿ ಹಾಕಿದ್ದರು. ಹಳೆಯ ಸೇತುವೆಯ ಬಲ ಲೆಕ್ಕ ಹಾಕುವಾಗ ತೊಲೆಗಳ ಜೊತೆ ಈ ಪ್ಲೇಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಅಮೆರಿಕದಲ್ಲಿ ಆಮೇಲೆ ಸೂಚನೆ ಹೊರಟಿತು.