ಮೂರು ಡಬ್ಬಿ ಮಾತ್ರೆ: ಹೆಪಟೈಟಿಸ್ ಸಿ ಔಷಧದ ಬೆಲೆ ಇಳಿದ ಕಥೆ

ಅಂಗೈಯಲ್ಲಿ ಹಿಡಿಯುವಂಥ ಒಂದು ಪುಟ್ಟ ಡಬ್ಬಿ. ಒಳಗೆ 28 ಮಾತ್ರೆ. ದಿನಕ್ಕೆ ಒಂದು ನುಂಗಿದರೆ ನಾಲ್ಕು ವಾರಕ್ಕೆ ಡಬ್ಬಿ ಖಾಲಿ. ಅಂಥ ಮೂರು ಡಬ್ಬಿ, ಒಟ್ಟು 84 ಮಾತ್ರೆ. ಹೆಪಟೈಟಿಸ್ ಸಿ ಇರುವ ಹೆಚ್ಚಿನವರಿಗೆ ಇವತ್ತು ಚಿಕಿತ್ಸೆ ಅಂದರೆ ಇಷ್ಟೇ. ಇಪ್ಪತ್ತು ಮೂವತ್ತು ವರ್ಷ ಲಿವರಿನಲ್ಲಿ ಸದ್ದಿಲ್ಲದೆ ಕೂತಿದ್ದ ವೈರಸ್ ಮೂರು ತಿಂಗಳಲ್ಲಿ ಪೂರ್ತಿ ಹೊರಟುಹೋಗುತ್ತದೆ.

2013ರ ಡಿಸೆಂಬರ್‌ನಲ್ಲಿ ಸೋಫೋಸ್‌ಬುವಿರ್ ಎಂಬ ಈ ಮಾತ್ರೆ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಆಗ ಒಂದೊಂದು ಮಾತ್ರೆಗೆ ಸಾವಿರ ಡಾಲರ್. ಮೂರು ಡಬ್ಬಿಗೆ 84,000 ಡಾಲರ್. ಈಗ ಇದರ ಜೆನೆರಿಕ್ ಮಾತ್ರೆ, ಅಂದರೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧ, ಜೊತೆಗೆ ತೆಗೆದುಕೊಳ್ಳಬೇಕಾದ ಡಕ್ಲಟಾಸ್ವಿರ್ ಎಂಬ ಇನ್ನೊಂದು ಔಷಧವೂ ಸೇರಿ, ಕೆಲವು ದೇಶಗಳ ಸರ್ಕಾರಗಳಿಗೆ ಪೂರ್ತಿ ಚಿಕಿತ್ಸೆಗೆ 60 ಡಾಲರಿಗೆ ಸಿಗುತ್ತದೆ. ಮಾತ್ರೆ ಅದೇ, ಕೆಲಸವೂ ಅದೇ. ಆದರೆ ಬೆಲೆ ತಾನಾಗಿ ಇಳಿಯಲಿಲ್ಲ. ಯಾರೋ ಪಟ್ಟು ಹಿಡಿದು ಕೂತ ಕಡೆ ಇಳಿಯಿತು, ಸುಮ್ಮನಿದ್ದ ಕಡೆ ನಿಂತಲ್ಲೇ ನಿಂತಿತು. ಔಷಧ ಹುಡುಕುತ್ತಿರುವವರಿಗೆ ಈ ಹಿನ್ನೆಲೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಹೆಸರಿಲ್ಲದ ಕಾಯಿಲೆ

1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಹಾರ್ವೆ ಆಲ್ಟರ್ ಒಂದು ವಿಚಿತ್ರ ಗಮನಿಸಿದರು. ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡ ಕೆಲವರಿಗೆ ಆಮೇಲೆ ಲಿವರ್ ಊತ ಬರುತ್ತಿತ್ತು. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಎ ಅಲ್ಲ, ಬಿ ಕೂಡ ಅಲ್ಲ. ಏನೆಂದು ತಿಳಿಯದೆ ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಅಂತಲೇ ಕರೆದರು. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಜೊತೆಗಾರರು ಆ ವೈರಸ್ಸನ್ನು ಪತ್ತೆಹಚ್ಚಿದರು. ಕಾಯಿಲೆ ತರಲು ಈ ವೈರಸ್ ಒಂದೇ ಸಾಕು ಅಂತ ಚಾರ್ಲ್ಸ್ ರೈಸ್ ಆಮೇಲೆ ತೋರಿಸಿಕೊಟ್ಟರು. ಮೂವರಿಗೂ 2020ರಲ್ಲಿ ನೊಬೆಲ್ ಬಂತು.

ಅಂದರೆ, ಪರೀಕ್ಷೆ ಬರುವ ಮೊದಲು ರಕ್ತ ಪಡೆದವರು, ಒಂದೇ ಸೂಜಿಯಿಂದ ಇಂಜೆಕ್ಷನ್ ಹಾಕಿಸಿಕೊಂಡವರು, ಡಯಾಲಿಸಿಸ್‌ಗೆ ಹೋಗುತ್ತಿದ್ದವರು, ಇವರಲ್ಲಿ ಎಷ್ಟೋ ಜನ ಗೊತ್ತಿಲ್ಲದೆ ಇದನ್ನು ಮೈಯಲ್ಲಿ ಇಟ್ಟುಕೊಂಡು ಬದುಕುತ್ತಿದ್ದರು.

ಕಾಯಿಲೆ ಗೊತ್ತಾದ ಮೇಲೂ ಔಷಧ ಸುಲಭದ್ದಾಗಿರಲಿಲ್ಲ. ಆಗ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್. ಮೊದಮೊದಲು ವಾರಕ್ಕೆ ಮೂರು ಸಲ, 2001ರ ನಂತರ ವಾರಕ್ಕೊಂದು. ರೋಗಿಯೇ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಸೂಜಿ ಚುಚ್ಚಿಕೊಳ್ಳಬೇಕು. ಕೆಲವು ಗಂಟೆಯಲ್ಲಿ ನಡುಕ ಶುರು, ಮೈಯೆಲ್ಲ ನೋವು, ಜ್ವರ. ಮರುದಿನ ಏಳಲು ಆಗುವುದಿಲ್ಲ. ಜೊತೆಗೆ ನುಂಗುವ ರೈಬಾವಿರಿನ್ ರಕ್ತಹೀನತೆ ತರುತ್ತಿತ್ತು. ಕೂದಲು ಉದುರುತ್ತಿತ್ತು. ಎಲ್ಲಕ್ಕಿಂತ ಕಷ್ಟದ್ದು ಮನಸ್ಸು ಕುಗ್ಗುವುದು. ಬದುಕೇ ಬೇಡ ಅನ್ನಿಸಿ ಚಿಕಿತ್ಸೆ ನಿಲ್ಲಿಸಿದವರಿದ್ದಾರೆ. ಹೀಗೆ 48 ವಾರ ಕಳೆದ ಮೇಲೂ, ವೈರಸ್ಸಿನ ಮೊದಲನೇ ತಳಿ ಇದ್ದವರಲ್ಲಿ ಸುಮಾರು ಅರ್ಧ ಜನರಿಗೆ ವಾಸಿಯಾಗುತ್ತಿರಲಿಲ್ಲ. ಆ ವರ್ಷಗಳನ್ನು ಕಂಡವರಿಗೆ ದಿನಕ್ಕೊಂದು ಮಾತ್ರೆಯ ಸುದ್ದಿ ಏನನ್ನಿಸಿರಬಹುದು, ಯೋಚಿಸಿ.

ಮಾತ್ರೆ ಬಂತು, ಸಿಗಲಿಲ್ಲ

ಎಚ್‌ಐವಿ ವೈರಸ್ ನಮ್ಮ ಜೀವಕೋಶದ ಡಿಎನ್‌ಎ ಒಳಗೇ ಸೇರಿ ಅಡಗಿಬಿಡುತ್ತದೆ. ಹೆಪಟೈಟಿಸ್ ಸಿ ಹಾಗೆ ಅಡಗುವುದಿಲ್ಲ. ತನ್ನ ಪ್ರತಿ ಮಾಡಿಕೊಳ್ಳುತ್ತಲೇ ಇದ್ದರೆ ಮಾತ್ರ ಅದಕ್ಕೆ ಉಳಿವು. ಸೋಫೋಸ್‌ಬುವಿರ್ ಹಿಡಿಯುವುದು ಅಲ್ಲೇ. ಗೋಡೆ ಕಟ್ಟುವವನ ಕೈಗೆ ಇಟ್ಟಿಗೆಯಂತೆ ಕಾಣುವ ಬೇರೇನನ್ನೋ ಕೊಟ್ಟ ಹಾಗೆ ಇದು. ಅದರ ಮೇಲೆ ಮುಂದಿನ ಇಟ್ಟಿಗೆ ಕೂರುವುದಿಲ್ಲ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ತಡೆಯುವ ಔಷಧ ಜೊತೆಗೆ ಕೊಟ್ಟರೆ ನೂರರಲ್ಲಿ 95 ಜನ ವಾಸಿಯಾಗುತ್ತಾರೆ.

ಇದನ್ನು ಕಂಡುಹಿಡಿದದ್ದು ಫಾರ್ಮಾಸೆಟ್ ಎಂಬ ಸಣ್ಣ ಕಂಪನಿಯಲ್ಲಿದ್ದ ಮೈಕೆಲ್ ಸೋಫಿಯಾ ಅವರ ತಂಡ. ಔಷಧದ ಹೆಸರಲ್ಲೂ ಅವರ ಹೆಸರಿದೆ. ಗಿಲಿಯಡ್ ಕಂಪನಿ ಸುಮಾರು 1,100 ಕೋಟಿ ಡಾಲರ್ ಕೊಟ್ಟು ಫಾರ್ಮಾಸೆಟ್ಟನ್ನೇ ಕೊಂಡುಕೊಂಡಿತು. ಅಷ್ಟು ದುಡ್ಡು ಹಾಕಿದ್ದೇವೆ, ಲಿವರ್ ಕಸಿ ಮಾಡಿಸುವ ಖರ್ಚಿಗಿಂತ ಇದು ಕಡಿಮೆಯೇ ಅಲ್ವಾ ಎನ್ನುವುದು ದುಬಾರಿ ಬೆಲೆಯ ಪರ ಕೇಳಿಬಂದ ವಾದ. ಆದರೆ 2014ರ ಒಂದೇ ವರ್ಷದಲ್ಲಿ ಈ ಒಂದು ಔಷಧದ ಮಾರಾಟ 1,000 ಕೋಟಿ ಡಾಲರ್ ದಾಟಿತು. ಅಮೆರಿಕದ ಸೆನೆಟ್ ಸಮಿತಿ ಕಂಪನಿಯ ಕಾಗದಪತ್ರ ತರಿಸಿ ನೋಡಿ 2015ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಈ ಬೆಲೆಗೆ ಬಹಳ ರೋಗಿಗಳಿಗೆ ಔಷಧ ಸಿಗಲಾರದು ಅನ್ನುವುದು ಕಂಪನಿಗೆ ಗೊತ್ತಿತ್ತು, ಆದಾಯ ಹೆಚ್ಚಿಸುವುದೇ ಗುರಿಯಾಗಿತ್ತು ಎಂದು ಆ ವರದಿ ಹೇಳಿತು.

ಅಲ್ಲಿ ಆಮೇಲೆ ಆದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಲಿವರ್ ಎಷ್ಟು ಗಟ್ಟಿಯಾಗಿ ಗಾಯಗಟ್ಟಿದೆ ಅಂತ ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತಾರೆ. ನಾಲ್ಕು ಅಂದರೆ ಸಿರೋಸಿಸ್, ಲಿವರ್ ತೀರಾ ಗಾಯಗಟ್ಟಿದ ಸ್ಥಿತಿ. ಬಡವರ ಸರ್ಕಾರಿ ವಿಮೆ ಮೆಡಿಕೈಡ್, ಹಲವು ರಾಜ್ಯಗಳಲ್ಲಿ ಮೂರು ಅಥವಾ ನಾಲ್ಕು ಇದ್ದವರಿಗೆ ಮಾತ್ರ ಮಾತ್ರೆ ಕೊಡುವ ನಿಯಮ ಮಾಡಿತು. ಒಂದೋ ಎರಡೋ ಇದ್ದವರು ಕಾಯಬೇಕು. ಏನಕ್ಕೆ ಕಾಯಬೇಕು? ಲಿವರ್ ಇನ್ನಷ್ಟು ಹಾಳಾಗುವುದಕ್ಕೆ. ವಾಸಿ ಮಾಡುವ ಔಷಧ ಅಂಗಡಿಯಲ್ಲಿದೆ, ಡಾಕ್ಟರು ಬರೆದುಕೊಡಲು ಸಿದ್ಧ, ಆದರೂ ಕಾಯಿಲೆ ಜಾಸ್ತಿಯಾಗಲಿ ಅಂತ ಕಾಯುವ ಸ್ಥಿತಿ.

ಅದೇ ಹೊತ್ತಿಗೆ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತು ಜೊತೆಗಾರರು ಒಂದು ಲೆಕ್ಕ ಹಾಕಿದರು. ದೊಡ್ಡ ಪ್ರಮಾಣದಲ್ಲಿ ತಯಾರಿಸಿದರೆ ಹನ್ನೆರಡು ವಾರದ ಸೋಫೋಸ್‌ಬುವಿರ್‌ಗೆ ಬೀಳುವ ಖರ್ಚು 68ರಿಂದ 136 ಡಾಲರ್. ಮುಂದಿನ ಹೋರಾಟಕ್ಕೆಲ್ಲ ಈ ಲೆಕ್ಕ ಬಲ ಕೊಟ್ಟಿತು.

ಈಜಿಪ್ಟಿನ ಸೂಜಿ

ಬೆಲೆ ಮೊದಲು ಕುಸಿದದ್ದು ಈಜಿಪ್ಟಿನಲ್ಲಿ. ಅದಕ್ಕೊಂದು ನೋವಿನ ಕಾರಣ ಇದೆ. ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ಕೆಲಸ ಮಾಡುವ ರೈತರನ್ನು ಸಿಸ್ಟೊಸೋಮಿಯಾಸಿಸ್ ಎಂಬ ಹುಳುವಿನ ಕಾಯಿಲೆ ಕಾಡುತ್ತಿತ್ತು. 1950ರ ದಶಕದಿಂದ 1980ರ ದಶಕದ ಶುರುವಿನವರೆಗೂ ಸರ್ಕಾರ ಊರೂರಿಗೆ ಹೋಗಿ ಅವರಿಗೆ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜ್. ಒಬ್ಬರಿಗೆ ಚುಚ್ಚಿದ್ದೇ ಇನ್ನೊಬ್ಬರಿಗೆ. ನಡುವೆ ಸರಿಯಾಗಿ ಕುದಿಸಲು ಪುರುಸೊತ್ತಿಲ್ಲ. ಒಳ್ಳೆಯದಕ್ಕೆಂದು ಹೊರಟ ಕೆಲಸ ಇನ್ನೊಂದು ಕಾಯಿಲೆಯನ್ನು ಮನೆಮನೆಗೆ ಮುಟ್ಟಿಸಿತು. ಆಗ ಈ ವೈರಸ್ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನವರಲ್ಲಿ ನೂರಕ್ಕೆ 14.7 ಜನರ ರಕ್ತದಲ್ಲಿ ಇದರ ಗುರುತು ಸಿಕ್ಕಿತು.

ಇಷ್ಟು ರೋಗಿಗಳಿರುವ ದೇಶ ಚೌಕಾಸಿ ಮಾಡದೆ ಇರುತ್ತದೆಯೇ? 2014ರಲ್ಲಿ ಈಜಿಪ್ಟ್ ಗಿಲಿಯಡ್ ಜೊತೆ ಮಾತಾಡಿ ತಿಂಗಳ ಡಬ್ಬಿಗೆ 300 ಡಾಲರ್, ಪೂರ್ತಿ ಚಿಕಿತ್ಸೆಗೆ 900 ಡಾಲರ್ ಎಂದು ಒಪ್ಪಂದ ಮಾಡಿಕೊಂಡಿತು. ಆ ಔಷಧಕ್ಕೆ ಅಲ್ಲಿ ಪೇಟೆಂಟ್, ಅಂದರೆ ಒಂದೇ ಕಂಪನಿಗೆ ಮೀಸಲಾದ ತಯಾರಿಕೆಯ ಹಕ್ಕು, ಇರಲಿಲ್ಲ. ಹಾಗಾಗಿ ಸ್ಥಳೀಯ ಕಂಪನಿಗಳೂ ತಯಾರಿಸಲು ಶುರು ಮಾಡಿದವು, ಪೂರ್ತಿ ಚಿಕಿತ್ಸೆಯ ಬೆಲೆ 100 ಡಾಲರಿಗಿಂತ ಕೆಳಗಿಳಿಯಿತು. 2018ರ ಅಕ್ಟೋಬರ್‌ನಿಂದ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ಬೆರಳು ಚುಚ್ಚಿ ಪರೀಕ್ಷೆ ಮಾಡಿದರು. ವೈರಸ್ ಇದ್ದವರಿಗೆ ಔಷಧ ಉಚಿತ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಪಟೈಟಿಸ್ ಸಿ ನಿರ್ಮೂಲನೆಯತ್ತ ‘ಚಿನ್ನದ ಮಟ್ಟ’ ಮುಟ್ಟಿದ ಮೊದಲ ದೇಶ ಎಂದು ಈಜಿಪ್ಟನ್ನು ಗುರುತಿಸಿತು.

ಲೈಸೆನ್ಸ್ ಮತ್ತು ಅದರ ಗೆರೆ

2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಭಾರತದ ಏಳು ಕಂಪನಿಗಳಿಗೆ ಜೆನೆರಿಕ್ ತಯಾರಿಸುವ ಲೈಸೆನ್ಸ್ ಕೊಟ್ಟಿತು. 91 ದೇಶಗಳಲ್ಲಿ ಮಾರಬಹುದು ಎಂಬ ಷರತ್ತು. ಈ ನಿರ್ಧಾರದ ಹಿಂದೆ ಒತ್ತಡವೂ ಇತ್ತು. ಭಾರತದ ಪೇಟೆಂಟ್ ಕಾನೂನಿನ 3(ಡಿ) ಕಲಮಿನಲ್ಲಿ, ಹಳೆಯ ಔಷಧದ ಸಣ್ಣ ಮಾರ್ಪಾಡಿಗೆ ಹೊಸ ಪೇಟೆಂಟ್ ಸುಲಭವಾಗಿ ಸಿಗುವುದಿಲ್ಲ. ದೆಹಲಿಯಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಘಟನೆಯೂ ಸೇರಿ ಹಲವರು ತಕರಾರು ಸಲ್ಲಿಸಿದ್ದರು. 2015ರ ಜನವರಿಯಲ್ಲಿ ಪೇಟೆಂಟ್ ಕಚೇರಿ ಗಿಲಿಯಡ್ ಕಂಪನಿಯ ಅರ್ಜಿ ತಳ್ಳಿಹಾಕಿತು. ದೆಹಲಿ ಹೈಕೋರ್ಟ್ ಅದನ್ನು ಮತ್ತೆ ಪರಿಶೀಲನೆಗೆ ಕಳಿಸಿತು, 2016ರ ಮೇನಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಜೆನೆರಿಕ್ ಮಾತ್ರೆ ಅಂಗಡಿಗೆ ಬಂದಾಗಿತ್ತು. 2015ರ ಮಾರ್ಚ್‌ನಲ್ಲಿ ನ್ಯಾಟ್ಕೋ ಕಂಪನಿಯ ಮೊದಲ ಡಬ್ಬಿಯ ಬೆಲೆ 19,900 ರೂಪಾಯಿ. ಪೈಪೋಟಿ ಹೆಚ್ಚಿದಂತೆ ಅದು ಇನ್ನೂ ಇಳಿಯಿತು. 2018ರಿಂದ ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ.

ಆದರೆ ಆ 91 ದೇಶಗಳ ಪಟ್ಟಿಯ ಹೊರಗೆ ಉಳಿದವರ ಗತಿ? ಚೀನಾ, ಬ್ರೆಜಿಲ್, ಥಾಯ್ಲೆಂಡ್, ಮಲೇಷ್ಯಾ, ಉಕ್ರೇನ್ ಯಾವುದೂ ಅದರಲ್ಲಿರಲಿಲ್ಲ. ತೀರಾ ಬಡ ದೇಶವಲ್ಲ ಎನ್ನುವ ಕಾರಣಕ್ಕೆ ಅಲ್ಲಿನ ಬಡ ರೋಗಿ ಹೊರಗುಳಿದ. ಮಲೇಷ್ಯಾ 2017ರಲ್ಲಿ ಪೇಟೆಂಟ್ ಬದಿಗಿಟ್ಟು ಸರ್ಕಾರಿ ಆಸ್ಪತ್ರೆಗಳಿಗೆ ಜೆನೆರಿಕ್ ತರಿಸುವ ಅಧಿಕಾರ ಬಳಸಿತು. ಅದಕ್ಕೆ ತುಸು ಮೊದಲು ಗಿಲಿಯಡ್ ಮಲೇಷ್ಯಾವನ್ನೂ ಪಟ್ಟಿಗೆ ಸೇರಿಸಿತ್ತು. ಒತ್ತಡ ಹಾಕಿದರೆ ಗೆರೆ ಸರಿಯುತ್ತದೆ ಅಂತ ನನಗೆ ಗಟ್ಟಿಯಾದದ್ದು ಇದನ್ನು ಓದಿದಾಗ.

ಟಾಸ್ಮೇನಿಯಾದ ಅಂಚೆ ಪೆಟ್ಟಿಗೆ

ಶ್ರೀಮಂತ ದೇಶಗಳ ರೋಗಿಗಳು ತಾವೇ ದಾರಿ ಹುಡುಕಿಕೊಂಡರು. ಆಸ್ಟ್ರೇಲಿಯಾದ ಕಾನೂನಿನಲ್ಲಿ, ಡಾಕ್ಟರ ಚೀಟಿ ಇದ್ದರೆ ಸ್ವಂತ ಬಳಕೆಗೆ ಮೂರು ತಿಂಗಳಿಗೆ ಬೇಕಾದಷ್ಟು ಔಷಧ ಹೊರದೇಶದಿಂದ ತರಿಸಿಕೊಳ್ಳಬಹುದು. ಈ ಚಿಕಿತ್ಸೆಗೆ ಬೇಕಾದದ್ದೂ ಸರಿಯಾಗಿ ಹನ್ನೆರಡು ವಾರ! 2015ರಲ್ಲಿ ಟಾಸ್ಮೇನಿಯಾದ ಹೋಬಾರ್ಟಿನ ಡಾಕ್ಟರ್ ಜೇಮ್ಸ್ ಫ್ರೀಮನ್ ಇದನ್ನೇ ಹಿಡಿದು ಫಿಕ್ಸ್‌ಹೆಪ್‌ಸಿ ಎಂಬ ಕೊಳ್ಳುವವರ ಕೂಟ ಕಟ್ಟಿದರು. ರೋಗಿಗಳು ಚೀಟಿ ತರಬೇಕು, ಕೂಟ ನಂಬಿಕೆಯ ಕಡೆಯಿಂದ ಜೆನೆರಿಕ್ ತರಿಸಿಕೊಡುತ್ತದೆ. ಹೀಗೆ ತರಿಸಿದ ಮಾತ್ರೆ ನುಂಗಿದವರ ಫಲಿತಾಂಶವನ್ನು ಒಟ್ಟುಗೂಡಿಸಿ 2016ರಲ್ಲಿ ವೈದ್ಯರ ಮುಂದಿಟ್ಟರು. ನೂರಕ್ಕೆ 90ಕ್ಕಿಂತ ಜಾಸ್ತಿ ಜನ ವಾಸಿಯಾಗಿದ್ದರು, ದುಬಾರಿ ಮಾತ್ರೆಯಷ್ಟೇ. ಜೆನೆರಿಕ್ ಅಂದರೆ ಕಳಪೆ ಎಂಬ ಅನುಮಾನಕ್ಕೆ ಇದು ನೇರ ಉತ್ತರ.

ಅದೇ ವರ್ಷದ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಬೇರೆಯೇ ರೀತಿ ಕೊಂಡುಕೊಂಡಿತು. ಐದು ವರ್ಷಕ್ಕೆ ಸುಮಾರು 100 ಕೋಟಿ ಆಸ್ಟ್ರೇಲಿಯನ್ ಡಾಲರ್, ಎಷ್ಟೇ ರೋಗಿಗಳಿಗೆ ಕೊಟ್ಟರೂ ಖರ್ಚಿಗೆ ಮಿತಿ ಇತ್ತು. ಹಾಗಾದಾಗ ಹೆಚ್ಚು ಜನರಿಗೆ ಕೊಟ್ಟಷ್ಟೂ ತಲೆಗೆ ಬೀಳುವ ಬೆಲೆ ಕಡಿಮೆ. ಲಿವರ್ ಹಾಳಾಗುವವರೆಗೆ ಕಾಯಬೇಕೆಂಬ ನಿಯಮವೂ ಇಲ್ಲ, ಜೈಲಿನಲ್ಲಿದ್ದವರಿಗೂ ಸಿಗುತ್ತದೆ. ಅಮೆರಿಕದ ಲೂಯಿಸಿಯಾನ ರಾಜ್ಯ 2019ರಲ್ಲಿ ಇಂಥದ್ದೇ ಒಪ್ಪಂದ ಮಾಡಿಕೊಂಡಿತು.

ಅಗ್ಗ ಹುಡುಕುವಾಗ

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೆಲೆ ಜಾಸ್ತಿ ಇದ್ದ ಕಡೆ ನಕಲಿಯೂ ಹುಟ್ಟುತ್ತದೆ. 2017ರ ಜನವರಿಯಲ್ಲಿ ಜಪಾನಿನ ನಾರಾದಲ್ಲಿ, ಸೋಫೋಸ್‌ಬುವಿರ್ ಇರುವ ಹಾರ್ವೋನಿ ಎಂಬ ಔಷಧದ ನಕಲಿ ಡಬ್ಬಿಗಳು ಸಿಕ್ಕವು. ಅದನ್ನು ಗಮನಿಸಿದ್ದು ಒಬ್ಬ ರೋಗಿ. ಡಬ್ಬಿ ತೆರೆದಾಗ ಮಾತ್ರೆ ಎಂದಿನಂತೆ ಇರಲಿಲ್ಲ. ಹಾಗಾಗಿ ಹೊಸ ಡಬ್ಬಿಯ ಮಾತ್ರೆಯನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಬಣ್ಣ, ಆಕಾರ, ಮೇಲಿನ ಅಕ್ಷರ ಬೇರೆಯಾಗಿದ್ದರೆ ನುಂಗುವ ಮೊದಲು ಕೇಳಿ. ಸರ್ಕಾರಿ ಕಾರ್ಯಕ್ರಮ ಇದೆಯೇ, ನಿಮ್ಮ ದೇಶ ಜೆನೆರಿಕ್ ಲೈಸೆನ್ಸಿನ ಪಟ್ಟಿಯಲ್ಲಿದೆಯೇ, ಕಂಪನಿಯ ನೆರವಿನ ಯೋಜನೆ ಇದೆಯೇ, ಇವನ್ನು ಮೊದಲು ವಿಚಾರಿಸಿ. ಹೊರಗಿನಿಂದ ತರಿಸುವುದು ಆಮೇಲಿನ ಮಾತು, ಅದೂ ಕಾನೂನು ಒಪ್ಪಿದರೆ.

ಡಾಕ್ಟರನ್ನು ಬಿಟ್ಟು ಮಾತ್ರೆ ಶುರು ಮಾಡಬೇಡಿ. ಹೆಪಟೈಟಿಸ್ ಬಿ ಕೂಡ ಇದ್ದವರಲ್ಲಿ, ಸಿ ಹೋಗುತ್ತಿದ್ದಂತೆ ಬಿ ಕೆರಳಿ ಲಿವರಿಗೆ ಅಪಾಯ ತಂದದ್ದುಂಟು. ಮೊದಲು ಅದರ ಪರೀಕ್ಷೆ ಆಗಬೇಕು. ಹೃದಯದ ಕೆಲವು ಮಾತ್ರೆಗಳಿಗೂ ಇದಕ್ಕೂ ಆಗಿಬರುವುದಿಲ್ಲ.

ಈಗ ಬೆಲೆಗಿಂತ ದೊಡ್ಡ ಅಡ್ಡಿ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಸುಮಾರು 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇತ್ತು. ಆ ವರ್ಷದ ಕೊನೆಗೆ ಕಾಯಿಲೆ ಪತ್ತೆಯಾಗಿದ್ದದ್ದು ನೂರಕ್ಕೆ 36 ಜನರಿಗೆ, ಔಷಧ ಸಿಕ್ಕಿದ್ದು 20 ಜನರಿಗೆ. ಪತ್ತೆಯಾಗದೆ ಉಳಿದವರಿಗೆ ಹೊಟ್ಟೆ ಊದುವವರೆಗೆ, ರಕ್ತ ವಾಂತಿಯಾಗುವವರೆಗೆ ತಮಗೆ ಏನಾಗಿದೆ ಎಂದೇ ತಿಳಿಯದೆ ಇರಬಹುದು. ಬೆರಳು ಚುಚ್ಚಿ ಮಾಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಅದರಲ್ಲಿ ಗುರುತು ಸಿಕ್ಕರೆ ವೈರಸ್ ಈಗಲೂ ಇದೆಯೇ ಎಂದು ಇನ್ನೊಂದು ರಕ್ತ ಪರೀಕ್ಷೆ. ಇದ್ದರೆ ಮೂರು ಡಬ್ಬಿ. ಕೊನೆಯ ಮಾತ್ರೆ ನುಂಗಿದ ಮೇಲೆ ಹನ್ನೆರಡು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ಆಗ ಬರುವ ವರದಿಯಲ್ಲಿ ‘ವೈರಸ್ ಪತ್ತೆಯಾಗಿಲ್ಲ’ ಅಂತಿದ್ದರೆ ಕಾಯಿಲೆ ವಾಸಿಯಾಗಿದೆ ಎಂದೇ ಅರ್ಥ.