ಮೂಳೆಗೆ ಸಾಥ್ ಕೊಡುವ ಲೋಹ, ಮೂಳೆಯನ್ನೇ ಸೊರಗಿಸುವುದೇಕೆ? – ಸ್ಟ್ರೆಸ್ ಶೀಲ್ಡಿಂಗ್ ಟಿಪ್ಪಣಿ

ಬಯೋಮೆಟೀರಿಯಲ್ಸ್ ಪೇಪರ್ ತೆಗೆದುಕೊಂಡಿರುವ ಗೆಳೆಯರಿಗೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಏನೇನಿದೆ, ಟೈಟಾನಿಯಂ ಮಿಶ್ರಲೋಹದಲ್ಲಿ ಅಲ್ಯೂಮಿನಿಯಂ ಎಷ್ಟು, ವೆನೇಡಿಯಂ ಎಷ್ಟು ಎಂಬುದೆಲ್ಲ ಪುಸ್ತಕದ ಟೇಬಲ್‌ನಲ್ಲಿ ಇದ್ದೇ ಇದೆ. ಅದನ್ನು ಇಲ್ಲಿ ಬರೆಯುತ್ತಿಲ್ಲ. ಆ ಟೇಬಲ್ ನೋಡಿಯೂ ಬಗೆಹರಿಯದ ಒಂದು ವಿಷಯಕ್ಕೇ ಈ ಟಿಪ್ಪಣಿಯ ಬಹುಪಾಲು ಹೋಗಿದೆ: ಸ್ಟ್ರೆಸ್ ಶೀಲ್ಡಿಂಗ್, ಅಂದರೆ ಪಕ್ಕದ ಲೋಹವೇ ಭಾರ ಹೊತ್ತುಕೊಂಡು, ಭಾರ ಸಿಗದ ಮೂಳೆ ಸೊರಗುವುದು.

ಕೊಡಗಿನಲ್ಲಿ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದು ಅಪರೂಪವಲ್ಲ. ಅಂಥವರ ಮನೆಯವರು ಆಸ್ಪತ್ರೆಯಲ್ಲಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಖರ್ಚು ಹೋಗ್ಲಿ ಡಾಕ್ಟ್ರೇ, ಗಟ್ಟಿ ಇರೋ ರಾಡೇ ಹಾಕ್ಸಿ." ಈ ಪೇಪರಿನ ಅರ್ಧ ಪಾಠ ಇರುವುದು ಈ ಮಾತು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದರಲ್ಲಿ.

ಹಿನ್ನೆಲೆ, ಬೇಗ ಮುಗಿಸುತ್ತೇನೆ

1890ರ ಸುಮಾರಿಗೆ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಆನೆದಂತದಲ್ಲಿ ಮೊಣಕಾಲಿನ ಕೀಲು ಮಾಡಿ ಕೂರಿಸಿದ. ಕೇಳಲು ವಿಚಿತ್ರ ಅನಿಸಿದರೂ ವಸ್ತುವಿನ ಆಯ್ಕೆ ದಡ್ಡತನದ್ದಲ್ಲ. ದಂತವೂ ಮೂಳೆಯ ಹಾಗೆ ಕೊಲಾಜೆನ್ ಎಂಬ ಪ್ರೋಟೀನ್ ಮತ್ತು ಅಪಟೈಟ್ ಎಂಬ ಕ್ಯಾಲ್ಸಿಯಂ-ರಂಜಕದ ಖನಿಜ ಸೇರಿ ಆದದ್ದು. ಅವನು ಕೈ ಹಾಕಿದ್ದು ಕ್ಷಯ ಹಿಡಿದ ಕೀಲುಗಳಿಗೆ, ಹಾಗಾಗಿ ಸೋಂಕು ಎಲ್ಲವನ್ನೂ ಕೆಡಿಸಿತು. 1892ರಲ್ಲಿ ಡ್ರೀಸ್‌ಮನ್ ಮೂಳೆಯ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ. 1939ರಲ್ಲಿ ಗೆರ್ಹಾರ್ಡ್ ಕ್ಯುಂಟ್ಷರ್ ತೊಡೆಮೂಳೆಯ ಮಜ್ಜೆಯ ಟೊಳ್ಳಿನೊಳಗೆ ಸ್ಟೀಲ್ ಮೊಳೆ ಇಳಿಸಿದ. ನಾವು 'ರಾಡ್ ಹಾಕಿದ್ದಾರೆ' ಅನ್ನುವುದು ಅದರ ಸಂತತಿಗೇ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲುಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂನ ಪುಟ್ಟ ಚೇಂಬರ್ ಇಟ್ಟಿದ್ದ. ಕೆಲಸ ಮುಗಿದ ಮೇಲೆ ಕೀಳಹೋದರೆ ಅದು ಬರಲಿಲ್ಲ, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. ಆಸಿಯೋಇಂಟಿಗ್ರೇಷನ್ ಎಂದರೆ ಇದೇ.

1962ರ ನವೆಂಬರ್ ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಸೊಂಟದ ಕೀಲಿನ ಬಟ್ಟಲನ್ನು ಪಾಲಿಎಥಿಲೀನ್‌ನಲ್ಲಿ ಮಾಡಿ ಕೂರಿಸಿದ್ದು ಆಗ. ಅದಕ್ಕೆ ಮುಂಚೆ ಟೆಫ್ಲಾನ್ ಬಳಸಿ ಕೈ ಸುಟ್ಟುಕೊಂಡಿದ್ದ. ಟೆಫ್ಲಾನ್ ಜಾರುತ್ತದೆ ನಿಜ, ಆದರೆ ಬೇಗ ಸವೆಯುತ್ತದೆ, ಸವೆದ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತದೆ. ಸ್ಟೆಮ್, ಅಂದರೆ ತೊಡೆಮೂಳೆಯ ಟೊಳ್ಳಿಗೆ ಇಳಿಸುವ ಲೋಹದ ಕಾಂಡ, ಕೂರಿಸಲು ಅವನು ಬಳಸಿದ್ದು ಹಲ್ಲಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದ್ದ ಅಕ್ರಿಲಿಕ್. ಬೋನ್ ಸಿಮೆಂಟ್ ಅನ್ನುವುದು ಇದನ್ನೇ. ಅದು ಅಂಟು ಅಲ್ಲ, ನೆನಪಿರಲಿ. ಅದು ಮೂಳೆಯ ಸಣ್ಣ ರಂಧ್ರಗಳೊಳಗೆ ನುಗ್ಗಿ, ಗಟ್ಟಿಯಾಗಿ, ಸಿಕ್ಕಿಕೊಂಡು ಹಿಡಿಯುತ್ತದೆ.

ಸ್ಟ್ರೆಸ್ ಶೀಲ್ಡಿಂಗ್: ಇಲ್ಲಿ ನಿಧಾನವಾಗಿ ಓದಿ

1892ರಲ್ಲೇ ಯೂಲಿಯಸ್ ವೋಲ್ಫ್ ಹೇಳಿದ್ದು: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರ ಬಿದ್ದಲ್ಲಿ ದಪ್ಪವಾಗುತ್ತದೆ, ಭಾರ ಇಲ್ಲದಲ್ಲಿ ಕರಗುತ್ತದೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಪಕ್ಕದಲ್ಲಿ ಲೋಹ ಇದ್ದ ಮಾತ್ರಕ್ಕೆ ಮೂಳೆಯ ಮೇಲಿನ ಭಾರ ಯಾಕೆ ಕಡಿಮೆಯಾಗಬೇಕು? ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಹೆಜ್ಜೆ ಇದು.

ತೋಟದ ತೋಡು ದಾಟಲು ಎರಡು ಹಲಗೆ ಅಕ್ಕಪಕ್ಕ ಹಾಕಿ, ಒಟ್ಟಿಗೆ ಬಿಗಿದು ಕಟ್ಟಿದ್ದಾರೆ ಅಂದುಕೊಳ್ಳಿ. ಒಂದು ಬಳುಕುವ ಹಲಗೆ, ಇನ್ನೊಂದು ಬಳುಕದ್ದು. ಕಾಫಿ ಮೂಟೆ ಹೊತ್ತು ದಾಟುವಾಗ ಎರಡೂ ಒಂದೇ ಅಳತೆಗೆ ತಗ್ಗಲೇಬೇಕು, ಕಟ್ಟಿರುವುದರಿಂದ ಬೇರೆ ದಾರಿಯಿಲ್ಲ. ಒಂದು ಅಂಗುಲ ತಗ್ಗಲು ಬಳುಕುವ ಹಲಗೆಗೆ ಸ್ವಲ್ಪ ಭಾರ ಸಾಕು, ಬಳುಕದ್ದಕ್ಕೆ ಬಹಳ ಬೇಕು. ಅಂದರೆ ಮೂಟೆಯ ಹೆಚ್ಚಿನ ಪಾಲು ತಾನಾಗಿಯೇ ಬಳುಕದ ಹಲಗೆಗೆ ಹೋಯಿತು. ಭಾರ ಹಂಚುವುದು ಯಾವುದು ಮುರಿಯುವುದಿಲ್ಲ ಎಂಬುದರ ಮೇಲೆ ಅಲ್ಲ, ಯಾವುದು ಬಾಗುವುದಿಲ್ಲ ಎಂಬುದರ ಮೇಲೆ. ಸ್ಟ್ರೆಂತ್ ಬೇರೆ, ಸ್ಟಿಫ್‌ನೆಸ್ ಬೇರೆ. 'ಗಟ್ಟಿ ರಾಡ್' ಅನ್ನುವಾಗ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ.

ಈಗ ಸಂಖ್ಯೆಗಳು. ವಸ್ತುವಿನ ಸ್ಟಿಫ್‌ನೆಸ್ ಅಳೆಯುವ ಯಂಗ್ಸ್ ಮಾಡ್ಯುಲಸ್ ಗಿಗಾಪ್ಯಾಸ್ಕಲ್‌ಗಳಲ್ಲಿ: ಗಟ್ಟಿ ಪದರದ ಮೂಳೆ 15–20, ಟೈಟಾನಿಯಂ ಮಿಶ್ರಲೋಹ 110, ಸ್ಟೇನ್‌ಲೆಸ್ ಸ್ಟೀಲ್ 200ರ ಹತ್ತಿರ, ಕೋಬಾಲ್ಟ್ ಕ್ರೋಮ್ 210 ಅಥವಾ ಸ್ವಲ್ಪ ಮೇಲೆ, ಪೀಕ್ ಪ್ಲಾಸ್ಟಿಕ್ 3–4.

ಸೊಂಟದ ಕೀಲಿನ ಸ್ಟೆಮ್ ತೊಡೆಮೂಳೆಯ ಟೊಳ್ಳಿನಲ್ಲಿ ಕೂತಿದೆ. ಮೂಳೆಯ ಹೊರ ವ್ಯಾಸ 28 ಮಿ.ಮೀ., ಟೊಳ್ಳು 14 ಮಿ.ಮೀ., ಸ್ಟೆಮ್ ಟೊಳ್ಳಿನ ತುಂಬ ಇದೆ, ಮೂಳೆಗೆ ಪೂರ್ತಿ ಬೆಸೆದಿದೆ ಎಂದಿಟ್ಟುಕೊಳ್ಳಿ. ಈ ಅಳತೆಯನ್ನು ಬೇಕೆಂದೇ ಆರಿಸಿದ್ದೇನೆ. ವ್ಯಾಸದ ವರ್ಗ ತೆಗೆದರೆ 784 ಮತ್ತು 196, ವ್ಯತ್ಯಾಸ 588, ಅಂದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಸ್ಟೆಮ್‌ನ ಸರಿಯಾಗಿ ಮೂರು ಪಟ್ಟು. ನೇರ ಭಾರದಲ್ಲಿ ಪಾಲು ನಿರ್ಧರಿಸುವುದು ಮಾಡ್ಯುಲಸ್ × ವಿಸ್ತೀರ್ಣ. ಮೂಳೆಗೆ 20 × 3 = 60. ಸ್ಟೆಮ್‌ಗೆ ಅದರ ಮಾಡ್ಯುಲಸ್ × 1. ಹಾಗಾಗಿ:

ಮೂಳೆಯ ಪಾಲು = 60 ÷ (60 + ಸ್ಟೆಮ್‌ನ ಮಾಡ್ಯುಲಸ್)

ನನ್ನ ಅಚ್ಚುಮೆಚ್ಚಿನ ಶಾರ್ಟ್‌ಕಟ್ ಇದು. ಕೋಬಾಲ್ಟ್ ಕ್ರೋಮ್: 60 ÷ 270, ಶೇ 22. ಟೈಟಾನಿಯಂ: 60 ÷ 170, ಶೇ 35. ಮೂಳೆಯಷ್ಟೇ ಮಾಡ್ಯುಲಸ್ ಇರುವ ವಸ್ತು ಸಿಕ್ಕರೆ 60 ÷ 80, ಶೇ 75. ಆಪರೇಷನ್‌ಗೆ ಮುಂಚೆ ಶೇ 100 ಹೊರುತ್ತಿದ್ದ ಮೂಳೆಗೆ ಈಗ ಉಳಿದ ಕೂಲಿ ಇಷ್ಟು. 'ಟೈಟಾನಿಯಂ ಹಾಕಿದರೆ ಸ್ಟ್ರೆಸ್ ಶೀಲ್ಡಿಂಗ್ ಇಲ್ಲ' ಎಂದು ಬರೆಯುವವರಿಗೆ ಈ 35 ತೋರಿಸಿ. ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಬಾಗುವ ಭಾರಕ್ಕೆ ಲೆಕ್ಕ ಬೇರೆ, ಅಲ್ಲಿ ವ್ಯಾಸದ ನಾಲ್ಕನೇ ಘಾತ ಬರುತ್ತದೆ. 28 ಎಂದರೆ 14ರ ಎರಡು ಪಟ್ಟು, ನಾಲ್ಕನೇ ಘಾತ 16. ಒಳಗಿನ 1 ಕಳೆದರೆ ಮೂಳೆಗೆ 15, ಸ್ಟೆಮ್‌ಗೆ 1. ಮೂಳೆ ಹೊರಗಿರುವುದರಿಂದಲೇ ಅದಕ್ಕೆ ಈ ಲಾಭ. 20 × 15 = 300. ಟೈಟಾನಿಯಂ ಜೊತೆ 300 ÷ 410, ಶೇ 73. ಕೋಬಾಲ್ಟ್ ಕ್ರೋಮ್ ಜೊತೆ 300 ÷ 510, ಶೇ 59. ಪರೀಕ್ಷೆಯಲ್ಲಿ ನೇರ ಭಾರವೋ ಬಾಗುವ ಭಾರವೋ ಎಂದು ಮೊದಲು ನೋಡಿಕೊಳ್ಳಿ.

ವಯಸ್ಸಾದಂತೆ ಟೊಳ್ಳು ಅಗಲವಾಗುತ್ತದೆ, ಅದನ್ನು ತುಂಬಲು ದಪ್ಪ ಸ್ಟೆಮ್ ಬೇಕು. ಹೊರಗೆ 28, ಒಳಗೆ 20 ಎಂದರೆ ಟೈಟಾನಿಯಂ ಜೊತೆಗೂ ನೇರ ಭಾರದಲ್ಲಿ ಮೂಳೆಯ ಪಾಲು ಶೇ 15ಕ್ಕೆ, ಬಾಗುವುದರಲ್ಲಿ ಶೇ 34ಕ್ಕೆ ಇಳಿಯುತ್ತದೆ. ಲೋಹ ಅದೇ, ದಪ್ಪ ಮಾತ್ರ ಬೇರೆ. ಮೊದಲೇ ತೆಳುವಾದ ಮೂಳೆಗೇ ಹೆಚ್ಚು ಶೀಲ್ಡಿಂಗ್! ವಸ್ತು ಒಂದನ್ನೇ ದೂರುವವರು ಮರೆಯುವುದು ಇದನ್ನು.

ಎಕ್ಸ್‌ರೇಯಲ್ಲಿ ಇದು ಕಾಣುವುದು ಸಾಮಾನ್ಯವಾಗಿ ತೊಡೆಮೂಳೆಯ ಕತ್ತಿನ ಒಳಬದಿಯಲ್ಲಿ. ಭಾರ ಸ್ಟೆಮ್ ಮೂಲಕ ಕೆಳಗಿಳಿದು ತುದಿಯ ಹತ್ತಿರ ಮೂಳೆಗೆ ದಾಟುವುದರಿಂದ ಮೇಲಿನ ಭಾಗಕ್ಕೆ ಕೆಲಸ ಇರುವುದಿಲ್ಲ. ಪಾಲಿಎಥಿಲೀನ್ ಪುಡಿಯಿಂದ ಮೂಳೆ ಕರಗುವುದು ಬೇರೆಯೇ ಕಾಯಿಲೆ. ಅಲ್ಲಿ ಪುಡಿಯನ್ನು ನುಂಗಿದ ಮ್ಯಾಕ್ರೋಫೇಜ್ ಕೋಶಗಳು ಹೊರಡಿಸುವ ಸಂಕೇತದಿಂದ ಮೂಳೆ ಹೋಗುತ್ತದೆ, ಭಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಮದ್ದು ಕ್ರಾಸ್‌ಲಿಂಕ್ ಮಾಡಿದ, ಅಂದರೆ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದು ಸವೆತ ತಗ್ಗಿಸಿದ, ಪಾಲಿಎಥಿಲೀನ್.

ರಂಧ್ರವಿರುವ ಟೈಟಾನಿಯಂ

ಮಾಡ್ಯುಲಸ್ ಇಳಿಸಲು ಹೊಸ ಲೋಹವೇ ಬೇಕಿಲ್ಲ, ಇದ್ದ ಲೋಹಕ್ಕೆ ರಂಧ್ರ ಕೊಟ್ಟರೂ ಆಯಿತು. ಅಂದಾಜು ಸೂತ್ರ: ಉಳಿದ ಲೋಹದ ಭಾಗದ ವರ್ಗ. ಶೇ 60 ಖಾಲಿ ಬಿಟ್ಟರೆ ಉಳಿದದ್ದು 0.4, ಅದರ ವರ್ಗ 0.16, ಗುಣಿಸು 110, ಸುಮಾರು 18. ಮೂಳೆಯ ಮಟ್ಟ! ಶಾರ್ಟ್‌ಕಟ್‌ನಲ್ಲಿ ಹಾಕಿ: 60 ÷ 78, ಶೇ 77. ಲೋಹದ ಪುಡಿಯನ್ನು ಲೇಸರ್ ಅಥವಾ ಎಲೆಕ್ಟ್ರಾನ್ ಕಿರಣದಿಂದ ಕರಗಿಸಿ 3ಡಿ ಮುದ್ರಿಸುವ ಇಂಪ್ಲಾಂಟ್‌ಗಳ ಹಿಂದಿರುವ ತರ್ಕ ಇಷ್ಟೇ. ರಂಧ್ರ 100 ಮೈಕ್ರಾನ್‌ಗಿಂತ ದೊಡ್ಡದಿದ್ದರೆ ಮೂಳೆ ಒಳಗೂ ಬೆಳೆಯುತ್ತದೆ. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಬಲವೂ ಇಳಿಯುತ್ತದೆ, ದಿನಕ್ಕೆ ಸಾವಿರಾರು ಹೆಜ್ಜೆಯ ಭಾರಕ್ಕೆ ತೆಳು ಕಡ್ಡಿಗಳಲ್ಲಿ ಬಿರುಕು ಶುರುವಾಗಬಹುದು. ಆದ್ದರಿಂದ ಹೆಚ್ಚಾಗಿ ಒಳಗೆ ಘನ ಲೋಹ, ಹೊರಗೆ ಮಾತ್ರ ರಂಧ್ರದ ಪದರ.

ಗುಳಿ ತುಂಬುವ ವಸ್ತುಗಳು

ಇವು ಭಾರ ಹೊರಲು ಅಲ್ಲ, ಮೂಳೆಗೆ ಜಾಗ ಹಿಡಿದುಕೊಡಲು. ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್‌ನಲ್ಲಿ ಕ್ಯಾಲ್ಸಿಯಂ-ರಂಜಕ ಅನುಪಾತ 1.67, ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ 1.5. ಎರಡನೆಯದು ಬೇಗ ಕರಗುತ್ತದೆ. ಎರಡನ್ನೂ ಬೆರೆಸಿದರೆ ಕರಗುವ ವೇಗ ನಮ್ಮ ಹಿಡಿತದಲ್ಲಿ.

ಮೂಳೆಗೆ ಬೆಸೆಯುವ ಗಾಜು, ಬಯೋಗ್ಲಾಸ್. ಅದರ ಕಥೆ ಸೈನಿಕರ ಮನೆಗಳಿರುವ ನಮ್ಮ ಜಿಲ್ಲೆಯವರಿಗೆ ಇಷ್ಟವಾಗುತ್ತದೆ. 1967ರಲ್ಲಿ ಗಾಜಿನ ವಿಜ್ಞಾನಿ ಲ್ಯಾರಿ ಹೆಂಚ್‌ಗೆ ಬಸ್ಸಿನಲ್ಲಿ ಪಕ್ಕ ಕುಳಿತ ಅಮೆರಿಕದ ಸೇನಾ ಕರ್ನಲ್ ಕೇಳಿದನಂತೆ, ದೇಹ ತಿರಸ್ಕರಿಸದ ವಸ್ತು ಮಾಡಬಲ್ಲೆಯಾ ಎಂದು. ವಿಯೆಟ್ನಾಂನಲ್ಲಿ ಕೈಕಾಲು ಕಳೆದುಕೊಂಡವರನ್ನು ನೋಡಿ ಬಂದಿದ್ದವನು ಅವನು. 1969ರಲ್ಲಿ 45ಎಸ್5 ಎಂಬ ಬಯೋಗ್ಲಾಸ್ ಬಂತು: ತೂಕದಲ್ಲಿ ಶೇ 45 ಸಿಲಿಕಾ, 24.5 ಸೋಡಿಯಂ ಆಕ್ಸೈಡ್, 24.5 ಕ್ಯಾಲ್ಸಿಯಂ ಆಕ್ಸೈಡ್, 6 ರಂಜಕದ ಪೆಂಟಾಕ್ಸೈಡ್. ಸಿಲಿಕಾ ಶೇ 60 ದಾಟಿದರೆ ಗಾಜು ಮೂಳೆಗೆ ಬೆಸೆಯುವುದಿಲ್ಲ.

ಕರಗುವ ಸ್ಕ್ರೂಗಳಿಗೆ ಒಂದೇ ಸಾಲು: ಹಾಕಿ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದವರಿಗೆ ಹಾಕುವ ಸ್ಕ್ರೂಗಳಲ್ಲಿ ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸುವ ಬಗೆ ಇದೆ, ಒಂದು ಕರಗುವಾಗ ಹುಟ್ಟುವ ಆಮ್ಲವನ್ನು ಇನ್ನೊಂದು ತಗ್ಗಿಸುತ್ತದೆ.

ಮಾಡಿ ನೋಡಿ

ಹೊರ ವ್ಯಾಸ 28, ಟೊಳ್ಳು 20, ಕೋಬಾಲ್ಟ್ ಕ್ರೋಮ್ ಸ್ಟೆಮ್, ನೇರ ಭಾರ. ಮೂಳೆಯ ಪಾಲು ಶೇ 8ರ ಆಸುಪಾಸು ಬರಬೇಕು. 22 ಬಂದರೆ ಹಳೆಯ 60ನ್ನೇ ಹಾಕಿದ್ದೀರಿ. ಆ 60 ಇರುವುದು 28 ಮತ್ತು 14ರ ಜೋಡಿಗೆ ಮಾತ್ರ.